ಗೆರೆ ಎಳೆದು ಸ್ವರ ಜಾರಿಸಿದ ಎಂಜಿನಿಯರ್

ಕೋಡ್ ಬರೆದು ಸಂಗೀತ ಮಾಡುವ ಸೋನಿಕ್ ಪೈ ತಂತ್ರಾಂಶದಲ್ಲಿ ‘ಸ್ಲೈಡ್’ ಅಂತೊಂದು ಆಯ್ಕೆ ಇದೆ. ಸ್ವರ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಹೋಗಬೇಕು ಎಂದು ಎರಡು ಸಂಖ್ಯೆ ಕೊಟ್ಟರೆ ಸಾಕು. ಮೆಟ್ಟಿಲು ಇಳಿಯದೆ ಜಾರುಬಂಡೆಯಲ್ಲಿ ಸರಿದಂತೆ ಸ್ವರ ಸಾಗುತ್ತದೆ, ನಮ್ಮ ಜಾರು ಗಮಕದ ಹಾಗೆ. ಇಂಥ ಜಾರಿಕೆಯನ್ನು ಲೆಕ್ಕ ಹಾಕಿ, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಇಡೀ ಕೃತಿಯನ್ನೇ ಕಟ್ಟಿದವನು ಇಯಾನಿಸ್ ಕ್ಸೆನಾಕಿಸ್.

ರುಮೇನಿಯಾದಲ್ಲಿದ್ದ ಗ್ರೀಕ್ ಕುಟುಂಬದಲ್ಲಿ 1922ರಲ್ಲಿ ಹುಟ್ಟಿದ ಈತ ಅಥೆನ್ಸ್‌ನಲ್ಲಿ ಓದಿದ್ದು ಎಂಜಿನಿಯರಿಂಗ್. ಮಹಾಯುದ್ಧ ಬಂತು, ನಾಜಿಗಳ ವಿರುದ್ಧ ಬೀದಿಗಿಳಿದ. ಸಾವಿರಾರು ಜನ ಒಂದೇ ದನಿಯಲ್ಲಿ ಕೂಗುವ ಘೋಷಣೆ, ಗುಂಡು ಸಿಡಿದಾಗ ಅದು ಚೂರುಚೂರಾಗಿ ಚದುರುವುದು ಅವನ ಕಿವಿಯಲ್ಲಿ ಉಳಿಯಿತು. ಜರ್ಮನ್ನರು ಹೋದ ಮೇಲಿನ ಬೀದಿ ಕಾಳಗದಲ್ಲಿ ಬ್ರಿಟಿಷ್ ಟ್ಯಾಂಕಿನ ಶೆಲ್ ಮುಖಕ್ಕೆ ಬಡಿದು ಎಡಗಣ್ಣು ಹೋಯಿತು. 1947ರಲ್ಲಿ ಸುಳ್ಳು ಪಾಸ್‌ಪೋರ್ಟ್ ಹಿಡಿದು ಪ್ಯಾರಿಸ್ ಸೇರಿದ. ತಾಯ್ನಾಡು ಮರಣದಂಡನೆ ವಿಧಿಸಿತು.

ಸಿಕ್ಕ ಕೆಲಸ, ನಮಗೆ ಚಂಡೀಗಡದಿಂದ ಪರಿಚಿತನಾದ ಲೆ ಕಾರ್ಬುಸಿಯರ್ ಕಚೇರಿಯಲ್ಲಿ ಕಟ್ಟಡದ ಲೆಕ್ಕ ಹಾಕುವುದು. ಸಂಗೀತ ಕಲಿಯಲು ಹೋದರೆ ಬುನಾದಿಯೇ ಇಲ್ಲವೆಂಬ ಮಾತು. ಸಂಯೋಜಕ ಒಲಿವಿಯೆ ಮೆಸಿಯಾನ್ ಮಾತ್ರ ಬೇರೆ ದಾರಿ ತೋರಿಸಿದ: ಮೂವತ್ತರ ಹತ್ತಿರ ಬಂದವನು ಪಾಠ ಮೊದಲಿನಿಂದ ಕಲಿಯುವುದು ಬೇಡ, ಗೊತ್ತಿರುವ ಗಣಿತವನ್ನೇ ಸಂಗೀತಕ್ಕೆ ತರಲಿ. ನನ್ನ ಮಟ್ಟಿಗೆ ಇದು ಅವನ ಬದುಕಿನ ದೊಡ್ಡ ತಿರುವು.

1954ರಲ್ಲಿ ‘ಮೆಟಾಸ್ಟಾಸಿಸ್’ ಮುಗಿಯಿತು. ವಾದಕರು 61 ಮಂದಿ. ತಂತಿ ವಾದ್ಯದ 46 ಜನ ಒಂದೇ ಸ್ವರದಲ್ಲಿ ಶುರು ಮಾಡಿ, ಒಬ್ಬೊಬ್ಬರೂ ತಮ್ಮದೇ ವೇಗದಲ್ಲಿ ಬೇರೆ ಬೇರೆ ಕಡೆಗೆ ಜಾರುತ್ತಾರೆ. ಹಾಳೆಯಲ್ಲಿ ಅಡ್ಡಕ್ಕೆ ಕಾಲ, ಉದ್ದಕ್ಕೆ ಸ್ವರದ ಎತ್ತರ. ಗೆರೆ ಕಡಿದಾಗಿದ್ದರೆ ಸ್ವರ ಬೇಗ ಜಾರುತ್ತದೆ, ಓರೆ ಕಮ್ಮಿಯಾದರೆ ನಿಧಾನ. ಮೊದಲ ಸಲ ಕೇಳಿದಾಗ ನನಗೆ ಸೈರನ್ ಕೂಗಿದಂತಾಗಿತ್ತು. ಹಿತವಾಗಿದೆ ಎಂದು ಸುಳ್ಳು ಹೇಳಲಾರೆ. ಆದರೆ ಅವನು ಎಳೆದ ಗೆರೆಗಳನ್ನು ನೋಡಿದ ಮೇಲೆ ಮತ್ತೆ ಕೇಳಿದೆ. ನೇರ ಗೆರೆಗಳೇ ಸೇರಿ ಬಾಗಿದ ಮೈಯಾಗುವ ಇದೇ ಉಪಾಯದಿಂದ 1958ರಲ್ಲಿ ಬ್ರಸೆಲ್ಸ್‌ನ ಫಿಲಿಪ್ಸ್ ಪೆವಿಲಿಯನ್ ಎದ್ದು ನಿಂತಿತು. ಮರುವರ್ಷ ಕಾರ್ಬುಸಿಯರ್ ಕಚೇರಿಯ ಕೆಲಸ ಹೋಯಿತು.

1962ರಲ್ಲಿ ಐಬಿಎಂ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ ಕೃತಿಗಳನ್ನು ರಚಿಸಿದ. ಸೈನಿಕ ಆಡಳಿತ ಉರುಳಿದ 1974ರಲ್ಲಷ್ಟೇ ಮತ್ತೆ ಗ್ರೀಸ್ ನೋಡಲು ಸಾಧ್ಯವಾಯಿತು. 1977ರ ಹೊತ್ತಿಗೆ ಯುಪಿಕ್ ಯಂತ್ರ ಸಿದ್ಧವಾಯಿತು: ಹಲಗೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರೆ ಕಂಪ್ಯೂಟರ್ ಅದನ್ನೇ ನುಡಿಸುತ್ತಿತ್ತು. ಅದೇ ಚಿತ್ರವನ್ನು ಕೆಲವೇ ಸೆಕೆಂಡಿಗೆ ಕುಗ್ಗಿಸಬಹುದು, ನಿಮಿಷಗಟ್ಟಲೆ ಹಿಗ್ಗಿಸಲೂಬಹುದು. 2001ರಲ್ಲಿ ಪ್ಯಾರಿಸ್‌ನಲ್ಲಿ ಕ್ಸೆನಾಕಿಸ್ ತೀರಿಕೊಂಡ. ಆ ಹೊತ್ತಿಗೆ ಸ್ವರಲಿಪಿ ಓದಲು ಬಾರದ ಮಕ್ಕಳೂ ಆ ಹಲಗೆಯ ಮೇಲೆ ಗೆರೆ ಎಳೆದು ಸಂಗೀತ ಮಾಡಿದ್ದರು.