ಎಲ್.ಟಿ. ಓದಿದ ಗ್ರಂಥಪಾಲಕ

ಆಗಸ್ಟ್ 12 ಗ್ರಂಥಪಾಲಕರ ದಿನ. ಶಿವಮೊಗ್ಗದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅಂದು ಡಾ. ಎಸ್. ಆರ್. ರಂಗನಾಥನ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂಬುದು ಪ್ರಶಿಕ್ಷಣಾರ್ಥಿಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಗಳ ದೆಸೆಯಿಂದ ಗೊತ್ತು. ಅವರೂ ಶಿಕ್ಷಕ ತರಬೇತಿ ಪಡೆದವರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗ್ರಂಥಪಾಲಕನಾದ ನನಗೆ ಅವರ ಬದುಕಿನಲ್ಲಿ ಬಹಳ ಹಿಡಿಸಿದ ಸಂಗತಿ ಅದೇ.

1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ರಂಗನಾಥನ್ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದ ಎಂ.ಎ. ಮಾಡಿದರು. ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರನ್ನು ಕೊನೆಯವರೆಗೂ ಗುರುವೆಂದೇ ಭಾವಿಸಿದ್ದರು. ಬಳಿಕ ಸೈದಾಪೇಟೆಯ ಶಿಕ್ಷಕರ ಕಾಲೇಜು ಸೇರಿ ಎಲ್.ಟಿ. ಮುಗಿಸಿದರು. ಇಂದಿನ ಬಿ.ಇಡಿ.ಗೆ ಅಂದು ಇದ್ದ ಹೆಸರು ಅದು. 1917ರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅವರಿಗೆ ಮಾತಿನಲ್ಲಿ ಉಗ್ಗು ಇತ್ತು. ಆದರೂ ಆರಿಸಿಕೊಂಡದ್ದು ತರಗತಿಯ ಮುಂದೆ ನಿಲ್ಲುವ ಕೆಲಸವನ್ನು. ಮೊದಲ ಪಾಠದ ದಿನ ಕೈ ನಡುಗಿತೆಂದು ನನ್ನ ಮೇಜಿನ ಬಳಿ ಬಂದು ಹೇಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

1924ರಲ್ಲಿ ಅವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸಂಬಳ ಹೆಚ್ಚು, ಕೆಲಸ ಕಡಿಮೆ, ಮಾತಾಡಲು ಜನವಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ಪಾಠ ಮಾಡುವ ಕೆಲಸಕ್ಕೇ ಕಳಿಸಿಕೊಡಿ ಎಂದು ಕೇಳಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ಹಿಂತಿರುಗಿ ಎಂದು ಮೇಲಿನವರು ಒಪ್ಪಂದಕ್ಕೆ ಬಂದರು. ಲಂಡನ್ನಿನಲ್ಲಿ ಅವರು ಪುಸ್ತಕಕ್ಕಿಂತ ಹೆಚ್ಚಾಗಿ ಓದುಗರನ್ನು ನೋಡಿದರೆಂದು ನನಗೆ ಅನಿಸುತ್ತದೆ. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಜನ ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳುವುದನ್ನು, ಮಕ್ಕಳಿಗೇ ಬೇರೆ ಕೋಣೆ ಇರುವುದನ್ನು ಕಂಡರು. 1925ರಲ್ಲಿ ಮರಳಿದ ಮೇಲೆ ಹಳೆಯ ಕೆಲಸಕ್ಕೆ ಹೋಗುವ ಮಾತೇ ಎತ್ತಲಿಲ್ಲ. ಅಲ್ಲಿಯೇ ಸುಮಾರು ಇಪ್ಪತ್ತು ವರ್ಷ ದುಡಿದರು. ಕಪಾಟುಗಳನ್ನು ಓದುಗರಿಗೆ ತೆರೆದರು, ಬಾಗಿಲು ತೆರೆದಿರುವ ಹೊತ್ತನ್ನು ಹೆಚ್ಚಿಸಿದರು.

1931ರಲ್ಲಿ ಅವರ ಐದು ಸೂತ್ರಗಳ ಗ್ರಂಥ ಪ್ರಕಟವಾಯಿತು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಮೊದಲ ಸೂತ್ರದ ತಾತ್ಪರ್ಯ. ಅದನ್ನು ಒದಗಿಸಿದವರು ಗುರು ರಾಸ್ ಎಂದು ರಂಗನಾಥನ್ ಸ್ಮರಿಸಿದ್ದಾರೆ. ಕೇಳಿದರೆ ಇದರಲ್ಲೇನಿದೆ ಅನಿಸುತ್ತದೆ. ಬೋಧನಾಭ್ಯಾಸಕ್ಕೆ ಭದ್ರಾವತಿಗೆ ಹೋದ ನಮ್ಮ ತಂಡದೊಂದಿಗೆ ಒಂದು ಪ್ರೌಢಶಾಲೆಗೆ ನಾನೂ ಹೋಗಿದ್ದೆ. ಎರಡು ಸ್ಟೀಲ್ ಬೀರು ತುಂಬ ಒಳ್ಳೆಯ ಪುಸ್ತಕಗಳು, ಎರಡಕ್ಕೂ ಬೀಗ. ಕಳೆದುಹೋದರೆ ಕೈಯಿಂದ ಕಟ್ಟಬೇಕೆಂಬ ಭಯ ಅಲ್ಲಿನ ಶಿಕ್ಷಕರದು. ಅದು ಸುಳ್ಳು ಭಯವೂ ಅಲ್ಲ, ಅವರನ್ನು ದೂರಲಾರೆ. ಕಾಗದದ ಕಾರ್ಖಾನೆಗೆ ಹೆಸರಾದ ಊರಿನಲ್ಲಿ ಅಚ್ಚಾದ ಹಾಳೆ ಹೀಗೆ ಬೀಗದೊಳಗೆ ಕುಳಿತಿತ್ತು. ಹೊರಗೆ ಮಕ್ಕಳು ಯೋಜನಾ ಕಾರ್ಯಕ್ಕೆ ಸೈಬರ್ ಅಂಗಡಿಯಿಂದ ತಂದ ಒಂದೇ ಪುಟದ ಪ್ರತಿಗಳನ್ನು ಅಂಟಿಸುತ್ತಿದ್ದರು.

ಓದುಗನ ಸಮಯ ಉಳಿಸಬೇಕೆಂಬ ನಾಲ್ಕನೆಯ ಸೂತ್ರಕ್ಕೆ ಈಗ ಅಂತರಜಾಲದಲ್ಲಿ ಬೆಲೆ ಬಂದಿದೆ. ಲಂಡನ್ನಿನ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ರಂಗನಾಥನ್ ಮೆಕ್ಯಾನೋ ಆಟಿಕೆ ನೋಡಿದರು. ಅವೇ ಪಟ್ಟಿ, ಚಕ್ರ, ತಿರುಪುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಬೇರೆ ಬೇರೆ ಆಟಿಕೆ ಮಾಡಬಹುದು. ವಿಷಯಗಳನ್ನೂ ಹೀಗೇಕೆ ಜೋಡಿಸಬಾರದು ಎಂಬ ಯೋಚನೆಯಿಂದ 1933ರ ಕೋಲನ್ ವರ್ಗೀಕರಣ ಹುಟ್ಟಿತು. ಮಲೆನಾಡಿನ ಭತ್ತದ ರೋಗನಿಯಂತ್ರಣದ ಪುಸ್ತಕವನ್ನೇ ತೆಗೆದುಕೊಳ್ಳಿ. ಬೆಳೆ ಯಾವುದು, ತೊಂದರೆ ಏನು, ಏನು ಮಾಡಿದರು, ಎಲ್ಲಿ, ಯಾವಾಗ ಎಂದು ಬಿಡಿಸಿ, ಒಂದೊಂದಕ್ಕೂ ಗುರುತು ಕೊಟ್ಟು, ನಡುವೆ ಕೋಲನ್ ಚಿಹ್ನೆಯನ್ನು ತಿರುಪಿನಂತೆ ಹಾಕುವುದು. ಮೊಬೈಲ್ ಕೊಳ್ಳುವಾಗ ಬೆಲೆ, ಕಂಪನಿ, ಬಣ್ಣ ಎಂದು ಒಂದೊಂದಾಗಿ ಗುರುತು ಹಾಕಿ ಪಟ್ಟಿ ಕಿರಿದಾಗಿಸುತ್ತೀರಲ್ಲ, ಅದರ ಹಿಂದಿನ ತರ್ಕವೂ ಇದೇ. ಪಾಠಯೋಜನೆಗೆ ಮುನ್ನ ಘಟಕವನ್ನು ಬಿಡಿಸುವಾಗಲೂ ಇದು ಒದಗುತ್ತದೆ, ಮಾಡಿ ನೋಡಿ.

ಕನ್ನಡದಲ್ಲಿ ಈ ಸೂತ್ರಕ್ಕೆ ನನಗೆ ತುಂಬ ಖುಷಿ ಕೊಟ್ಟ ಉದಾಹರಣೆ ಸಂಚಯ ತಂಡದ ಪುಸ್ತಕ ಸಂಚಯ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿದ್ದರೂ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಅದೂ ತಪ್ಪುತಪ್ಪಾಗಿ ಇದ್ದವು. ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಆಸಕ್ತರು ಕೂಡಿ ಆ ಪಟ್ಟಿಯನ್ನು ಕನ್ನಡಕ್ಕೆ ತಂದರು. ಯಾರೂ ತೆರೆಯಲಾಗದಿದ್ದ ಬೀರುವಿಗೆ ಕೀಲಿಕೈ ಮಾಡಿಸಿದಂತಾಯಿತು.

ಓದುಗ ಬರಲಾಗದಿದ್ದರೆ ಪುಸ್ತಕವೇ ಹೋಗಬೇಕು ಎಂಬುದೂ ರಂಗನಾಥನ್ ಅವರ ಕಾಲದಲ್ಲೇ ನಡೆಯಿತು. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಅವರು ಬಿಡದೆ ಒತ್ತಾಯಿಸಿದ ಗ್ರಂಥಾಲಯ ಕಾಯ್ದೆ ಮದರಾಸಿನಲ್ಲಿ 1948ರಲ್ಲಿ ಬಂತು, ನಮ್ಮಲ್ಲಿ 1965ರಲ್ಲಿ. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರ ಕಟ್ಟುವುದು ಆ ಕಾಯ್ದೆಯಿಂದ. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಮೊಬೈಲಿನಿಂದಲೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.

ಮದರಾಸು ಬಿಟ್ಟ ಮೇಲೆ ಬನಾರಸ್, ದೆಹಲಿ ಕಂಡ ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದರು. ಗಳಿಕೆಯಿಂದ ಒಂದು ಲಕ್ಷ ರೂಪಾಯಿಯನ್ನು, ತಮ್ಮ ವಿಷಯದ ಪೀಠಕ್ಕೆಂದು, ಅದಕ್ಕೂ ಮುಂಚೆಯೇ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಪಾಠಕ್ಕೆ ನಿಂತರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಮುಂದಿನ ಸುತ್ತಿಗೆ ಭದ್ರಾವತಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ವೀಕ್ಷಣಾ ಪುಸ್ತಕದ ಒಂದು ಪುಟವನ್ನು ಶಾಲೆಯ ಗ್ರಂಥಾಲಯಕ್ಕೆ ಮೀಸಲಿಡಿ. ಬೀಗದ ಕೈ ಯಾರ ಬಳಿ ಇದೆ, ಕೊನೆಯ ಪುಸ್ತಕ ಯಾವಾಗ ಹೊರಬಂತು, ಯಾವ ಮಗು ಏನು ಕೇಳಿತು ಎಂದು ಬರೆದುಕೊಳ್ಳಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ವಹಿಯಲ್ಲಿ ನಿಮ್ಮದೇ ಸಹಿ ಹಾಕಿ, ವಾರಕ್ಕೆ ಹತ್ತು ಪುಸ್ತಕ ತರಗತಿಗೆ ತನ್ನಿ. ಶನಿವಾರ ಎಣಿಸಿ ಹಿಂದಿರುಗಿಸಿ.