ಗ್ಯಾರೇಜಿನಲ್ಲಿ ಸಿಕ್ಕ ಗೆಳೆಯ

ಹಾರ್ಮೋನು ಶುರುವಾದ ಮೇಲೆ ನನ್ನ ದನಿ ಒಡೆದಿದೆ, ಮೀಸೆ ಚಿಗುರಿದೆ. ಅಂಕಪಟ್ಟಿಯಲ್ಲಿ ಮಾತ್ರ ಇನ್ನೂ ಹುಡುಗಿಯ ಹೆಸರು. ಸಂದರ್ಶನಕ್ಕೆ ಹೊರಟಾಗಲೆಲ್ಲ ಮೈಕೇಲ್ ಡಿಲನ್ ನೆನಪಾಗುತ್ತಾನೆ.

1915ರಲ್ಲಿ ಲಂಡನ್ನಿನಲ್ಲಿ ಹೆಣ್ಣಾಗಿ ಹುಟ್ಟಿದ ಆತ ಯುದ್ಧಕಾಲದಲ್ಲಿ ಟೆಸ್ಟೋಸ್ಟೆರಾನ್ ಗುಳಿಗೆ ನುಂಗುತ್ತ ಬ್ರಿಸ್ಟಲ್‌ನ ಗ್ಯಾರೇಜೊಂದರಲ್ಲಿ ದುಡಿದ. ಮೈ ಬದಲಾಗುತ್ತಿತ್ತು, ಜೊತೆಗಾರರು ಗೇಲಿ ಮಾಡಿದರು. ಆತ ಕೆಲಸ ಬಿಡಲಿಲ್ಲ. ಕೆಟ್ಟು ನಿಂತ ವಾಹನಗಳನ್ನು ಎಳೆದು ತಂದ, ರಾತ್ರಿ ಬಾಂಬಿನ ಬೆಂಕಿಗೆ ಕಾವಲಿದ್ದ. ಕೊನೆಗೆ, ಗಿರಾಕಿಗಳಿಗೆ ಗೊಂದಲವಾಗಬಾರದೆಂದು, ಎಲ್ಲರೂ ಅವನು ಎಂದೇ ಕರೆಯಬೇಕೆಂದು ಮ್ಯಾನೇಜರನೇ ಹೇಳಿದ. ಕಾರಣ ವ್ಯಾಪಾರದ್ದೇ ಇರಲಿ, ನನಗೆ ಅಷ್ಟು ಸಿಕ್ಕರೂ ಸಾಕು!

ಆಕ್ಸ್‌ಫರ್ಡ್‌ನ ಹಳೆಯ ಗುರುವೊಬ್ಬರು ಅವನ ಪದವಿ ದಾಖಲೆ ತಿದ್ದಿಸಿಕೊಟ್ಟರು. ಡಬ್ಲಿನ್‌ನಲ್ಲಿ ವೈದ್ಯಕೀಯ ಓದಿ ಹಡಗಿನ ವೈದ್ಯನಾದ. 1958ರಲ್ಲಿ ಪತ್ರಿಕೆಗಳು ಗುಟ್ಟು ರಟ್ಟು ಮಾಡಿದ ಮೇಲೆ ಭಾರತಕ್ಕೆ ಬಂದ, 1962ರಲ್ಲಿ ಡಾಲ್‌ಹೌಸಿಯಲ್ಲಿ ತೀರಿಕೊಂಡ.

ಸೋಮವಾರ ನನಗೆ ಇನ್ನೊಂದು ಸಂದರ್ಶನವಿದೆ. ಮೀಸೆ ಬೋಳಿಸದೆ ಹೋಗುತ್ತೇನೆ.