ರಾಬರ್ಟ್ ಶುಮನ್: ವೈರಿಗಳನ್ನು ಪಾಲುದಾರರನ್ನಾಗಿ ಮಾಡಿದ ಮಂತ್ರಿ

ಇತಿಹಾಸದ ಪರೀಕ್ಷೆಯಲ್ಲಿ ಯುದ್ಧಕ್ಕೆ ಕಾರಣಗಳೇನು ಎಂದು ಕೇಳುತ್ತಾರೆ. ಎರಡು ದೇಶಗಳ ಹಗೆತನ ಮುಗಿಯಲು ಕಾರಣಗಳೇನು ಎಂದು ಕೇಳಿದ್ದು ನನಗೆ ನೆನಪಿಲ್ಲ. ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರವರೆಗಿನ 75 ವರ್ಷಗಳಲ್ಲಿ ಮೂರು ದೊಡ್ಡ ಯುದ್ಧಗಳನ್ನು ಮಾಡಿದವು. ಇಂದು ಅದೇ ಗಡಿಯನ್ನು ಸಾವಿರಾರು ಜನ ದಿನವೂ ಕೆಲಸಕ್ಕಾಗಿ ದಾಟುತ್ತಾರೆ. ಈ ಬದಲಾವಣೆ ಹೇಗಾಯಿತು ಎಂದು ತಿಳಿಯಲು ರಾಬರ್ಟ್ ಶುಮನ್ ಅವರ ಜೀವನವನ್ನು ಓದಬೇಕು.

ಶುಮನ್ 1886ರ ಜೂನ್ 29ರಂದು ಲಕ್ಸೆಂಬರ್ಗ್‌ನಲ್ಲಿ ಹುಟ್ಟಿದರು. ಅವರ ತಂದೆ ಪಕ್ಕದ ಲೊರೇನ್ ಪ್ರಾಂತ್ಯದವರು, ಹುಟ್ಟಿನಿಂದ ಫ್ರೆಂಚ್ ಪ್ರಜೆ. 1871ರಲ್ಲಿ ಜರ್ಮನಿ ಆ ಪ್ರದೇಶವನ್ನು ಗೆದ್ದುಕೊಂಡಾಗ ಜರ್ಮನ್ ಪ್ರಜೆಯಾದರು. ಹೀಗಾಗಿ ಮಗನೂ ಜರ್ಮನ್ ಪ್ರಜೆಯಾಗಿಯೇ ಹುಟ್ಟಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ಲೊರೇನ್ ಫ್ರಾನ್ಸಿಗೆ ಮರಳಿದಾಗ ಶುಮನ್ ಫ್ರೆಂಚ್ ಪ್ರಜೆಯಾದರು. ಅಪ್ಪ ಒಮ್ಮೆ ದೇಶ ಬದಲಾಯಿಸಿದರು, ಮಗ ಇನ್ನೊಮ್ಮೆ. ಇಬ್ಬರನ್ನೂ ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಅವರ ಮಾತು ಲಕ್ಸೆಂಬರ್ಗಿಶ್. ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನು ಶಾಲೆಯಲ್ಲಿ ಕಲಿತರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹದಿನಾಲ್ಕನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. 1911ರಲ್ಲಿ ತಾಯಿ ಅಪಘಾತದಲ್ಲಿ ತೀರಿಕೊಂಡರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ. ಕಾನೂನು ಓದಿ ಮೆಟ್ಸ್ ನಗರದಲ್ಲಿ ವಕೀಲರಾದರು. 1919ರಲ್ಲಿ ಫ್ರಾನ್ಸಿನ ಸಂಸತ್ತಿಗೆ ಆಯ್ಕೆಯಾದರು.

ಆಗ ಗೆದ್ದ ಫ್ರಾನ್ಸ್ ಸೋತ ಜರ್ಮನಿಯಿಂದ ಭಾರೀ ಪರಿಹಾರ ಕೇಳಿತ್ತು. ಅದು ಸರಿಯಾಗಿ ಬರಲಿಲ್ಲವೆಂದು 1923ರಲ್ಲಿ ಫ್ರೆಂಚ್ ಸೈನ್ಯ ಬೆಲ್ಜಿಯಂ ಸೈನ್ಯದೊಂದಿಗೆ ಜರ್ಮನಿಯ ರೂರ್ ಕಣಿವೆಗೆ ನುಗ್ಗಿ ಕಲ್ಲಿದ್ದಲು ಗಣಿಗಳನ್ನು ಹಿಡಿಯಿತು. ಜರ್ಮನ್ ಕಾರ್ಮಿಕರು ಕೆಲಸ ನಿಲ್ಲಿಸಿದರು, ಜರ್ಮನಿಯ ಹಣ ಬೆಲೆ ಕಳೆದುಕೊಂಡಿತು, ಸಿಟ್ಟು ಹೆಚ್ಚಾಯಿತು. ಹತ್ತು ವರ್ಷಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ.

1940ರಲ್ಲಿ ಜರ್ಮನಿ ಫ್ರಾನ್ಸನ್ನು ಸೋಲಿಸಿತು. ಆ ಜುಲೈಯಲ್ಲಿ ಮಾರ್ಷಲ್ ಪೆತಾಂ ಅವರಿಗೆ ಪೂರ್ಣ ಅಧಿಕಾರ ಕೊಡಲು ಮತ ಹಾಕಿದ ಸಂಸದರಲ್ಲಿ ಶುಮನ್ ಕೂಡ ಒಬ್ಬರು. ಇದು ಅವರ ಜೀವನದ ದೊಡ್ಡ ತಪ್ಪು, ಯುದ್ಧದ ನಂತರ ಅದಕ್ಕೆ ಉತ್ತರ ಕೊಡಬೇಕಾಯಿತು. ಆದರೆ ಅವರು ಜರ್ಮನರ ಪರವಾಗಿ ಕೆಲಸ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಜರ್ಮನ್ ಗುಪ್ತ ಪೊಲೀಸರು ಅವರನ್ನು ಬಂಧಿಸಿದರು. ಏಳು ತಿಂಗಳು ಜೈಲಿನಲ್ಲಿಟ್ಟು, ಆಮೇಲೆ ಜರ್ಮನಿಯ ಒಂದು ಊರಿನಲ್ಲಿ ಕಾವಲಿನಲ್ಲಿಟ್ಟರು. 1942ರ ಆಗಸ್ಟ್‌ನಲ್ಲಿ ತಪ್ಪಿಸಿಕೊಂಡು, ಜರ್ಮನರು ಫ್ರಾನ್ಸ್ ಬಿಡುವವರೆಗೂ ತಲೆಮರೆಸಿಕೊಂಡಿದ್ದರು.

ಜೈಲು ಕಂಡ ಮನುಷ್ಯ ಸೇಡು ಬಯಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು 1947ರಲ್ಲಿ ಪ್ರಧಾನಿಯಾದರು, 1948ರಲ್ಲಿ ವಿದೇಶಾಂಗ ಮಂತ್ರಿಯಾದರು. ಸಂಸತ್ತಿನಲ್ಲಿ ವಿರೋಧಿಗಳು ಅವರನ್ನು ಜರ್ಮನ್ ಎಂದು ಹೀಯಾಳಿಸಿದ್ದೂ ಉಂಟು. ಮತ್ತೆ ಅದೇ ಪ್ರಶ್ನೆ ಎದುರಿಗಿತ್ತು: ಸೋತ ಜರ್ಮನಿಯನ್ನು ಏನು ಮಾಡುವುದು? ಫಿರಂಗಿ, ಟ್ಯಾಂಕು, ರೈಲು ಎಲ್ಲಕ್ಕೂ ಉಕ್ಕು ಬೇಕು. ಉಕ್ಕಿಗೆ ಲೊರೇನಿನ ಅದಿರು ಮತ್ತು ರೂರಿನ ಕಲ್ಲಿದ್ದಲು ಬೇಕು. ಝಾನ್ ಮೊನೆ ಎಂಬ ಅಧಿಕಾರಿ ಒಂದು ಯೋಜನೆ ಬರೆದುಕೊಟ್ಟರು. ಶುಮನ್ ಅದರ ಹೊಣೆ ಹೊತ್ತು 1950ರ ಮೇ 9ರಂದು ಪ್ಯಾರಿಸ್‌ನಲ್ಲಿ ಘೋಷಿಸಿದರು. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕು ಒಂದೇ ಮಂಡಳಿಯ ಕೈಕೆಳಗೆ ಬರಬೇಕು, ಬೇರೆ ದೇಶಗಳೂ ಸೇರಬಹುದು ಎಂಬುದು ಅದರ ಸಾರ. ಜರ್ಮನಿಯ ಚಾನ್ಸೆಲರ್ ಅಡೆನಾವರ್ ಆ ದಿನವೇ ಒಪ್ಪಿಗೆ ಕಳಿಸಿದರು. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಸಹಿ ಹಾಕಿದವು. 1953ರಲ್ಲಿ ಈ ಆರು ದೇಶಗಳ ನಡುವೆ ಕಲ್ಲಿದ್ದಲು ಮತ್ತು ಉಕ್ಕಿನ ಸಾಮಾನ್ಯ ಮಾರುಕಟ್ಟೆ ಶುರುವಾಯಿತು. ಕಂಪನಿಗಳು ದರಪಟ್ಟಿಯನ್ನು ಬಹಿರಂಗಪಡಿಸಬೇಕಿತ್ತು.

ನಮ್ಮ ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆಯ ಪಾಠವಿದೆ. ಪ್ರತಿಯೊಬ್ಬ ಪಾಲುದಾರನಿಗೂ ಲೆಕ್ಕದ ಪುಸ್ತಕ ನೋಡುವ ಹಕ್ಕಿದೆ. ಶುಮನ್ ಮಾಡಿದ್ದೂ ಇದನ್ನೇ. ಎಷ್ಟು ಉಕ್ಕು ತಯಾರಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಗುಟ್ಟಾಗಿ ಯುದ್ಧಕ್ಕೆ ಸಿದ್ಧವಾಗುವುದು ಕಷ್ಟ. 1923ರಲ್ಲಿ ಕಿತ್ತುಕೊಂಡಾಗ ದ್ವೇಷ ಹುಟ್ಟಿಸಿದ ಅದೇ ಕಲ್ಲಿದ್ದಲು, ಹಂಚಿಕೊಂಡಾಗ ನಂಬಿಕೆ ಹುಟ್ಟಿಸಿತು. ಸೋತವನನ್ನು ಸಮಾನವಾಗಿ ಕೂರಿಸಿದ್ದು ಇನ್ನೊಂದು ಕಾರಣ.

ಇದು ಒಬ್ಬರಿಂದಲೇ ಆದ ಕೆಲಸವಲ್ಲ. ಎರಡೂ ದೇಶಗಳು ದಣಿದಿದ್ದವು. ಸೋವಿಯತ್ ರಷ್ಯಾದ ಭಯವಿತ್ತು. ಅಮೆರಿಕ ಹಣ ಕೊಡುತ್ತಿತ್ತು, ಒತ್ತಾಯವನ್ನೂ ಮಾಡುತ್ತಿತ್ತು. ಆದರೆ 1918ರಲ್ಲೂ ಜನ ದಣಿದಿದ್ದರು. ದಣಿವಿನಿಂದ ಯುದ್ಧ ನಿಂತಿತು, ಹಗೆತನ ನಿಲ್ಲಲಿಲ್ಲ. ಅದಕ್ಕೆ ಒಂದು ವ್ಯವಸ್ಥೆ ಬೇಕಿತ್ತು.

ಆ ವ್ಯವಸ್ಥೆಗೆ ಬೇಗನೆ ಪರೀಕ್ಷೆ ಬಂತು. ಕಲ್ಲಿದ್ದಲು ತುಂಬಿದ ಸಾರ್ ಪ್ರದೇಶ ಯುದ್ಧದ ನಂತರ ಫ್ರಾನ್ಸಿನ ಹಿಡಿತದಲ್ಲಿತ್ತು. 1955ರಲ್ಲಿ ಅಲ್ಲಿನ ಜನ ಮತದಾನದಲ್ಲಿ ತಮ್ಮ ಒಲವು ಜರ್ಮನಿಯ ಕಡೆಗೆ ಎಂದು ತೋರಿಸಿದರು. ಫ್ರಾನ್ಸ್ ಒಪ್ಪಿಕೊಂಡಿತು. 1957ರಲ್ಲಿ ಸಾರ್ ಪಶ್ಚಿಮ ಜರ್ಮನಿಗೆ ಸೇರಿತು, ಯುದ್ಧವಾಗಲಿಲ್ಲ.

ಶುಮನ್ 1963ರ ಸೆಪ್ಟೆಂಬರ್ 4ರಂದು ಮೆಟ್ಸ್ ಹತ್ತಿರದ ತಮ್ಮ ಹಳ್ಳಿ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸ್ನೇಹ ಒಪ್ಪಂದ ಮಾಡಿಕೊಂಡಿದ್ದವು. ಕಲ್ಲಿದ್ದಲು ಒಪ್ಪಂದದ ಅವಧಿ 50 ವರ್ಷ, 2002ರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಅದನ್ನು ನವೀಕರಿಸುವ ಅಗತ್ಯವೇ ಇರಲಿಲ್ಲ. ವೈರಿಯ ಮನಸ್ಸು ಒಳ್ಳೆಯದಾಗಲಿ ಎಂದು ಕಾಯುತ್ತಾ ಕೂತರೆ ಆಗದು, ಮೊದಲು ಜೊತೆಗೆ ಕೂತು ಲೆಕ್ಕ ತೆರೆಯಬೇಕು ಎಂಬುದನ್ನು ನಾನು ಅವರ ಜೀವನದಿಂದ ಕಲಿತೆ.